ನಾದಲೋಲನ ಕಾವ್ಯವೂ ನಾದಯಂತ್ರಗಳೂ

೧

ಕಡೂರು ತಾಲ್ಲೂಕಿನ ದೇವನೂರಿನಲ್ಲಿ ಲಕ್ಷ್ಮೀಕಾಂತಸ್ವಾಮಿಯ ದೇವಾಲಯವಿರುವುದು. ಜೈಮಿನಿ ಭಾರತದ ಕರ್ತೃವಾದ ಲಕ್ಷ್ಮೀಶನು ಸ್ಮರಿಸುವ ದೇವಪುರವು ಇದೇ ಊರೆಂದು ಬಹುಮಂದಿ ವಿದ್ವಾಂಸರೂ, ಇದಲ್ಲ, ಸುರಪುರವೆಂದು ಮತ್ತೆ ಕೆಲವರೂ ವಾದಿಸಿರುವುದು ಪಂಡಿತರಿಗೆ ಹೊಸ ಮಾತಲ್ಲ. ಕವಿಯ ಕಾಲವೂ ನಿರ್ವಿವಾದವಾದುದಲ್ಲ. ಆ ಚರ್ಚೆಗಳನ್ನು ಇಲ್ಲಿ ಮತ್ತೆ ಎತ್ತುವ ಉದ್ದೇಶ ನನಗಿಲ್ಲ. ಕವಿಯು ಎಲ್ಲಿಯವನೇ ಆಗಿರಲಿ, ಅವನ ಕಾವ್ಯವು ಕನ್ನಡ ಜನರ ಹೃದಯವನ್ನು ಸೇರಿದುದು ಮುಖ್ಯವಾಗಿ ಕಿವಿಯ ದಾರಿಯಿಂದ. ಅಕ್ಷರ ಬಲ್ಲ ಒಬ್ಬನು ಜಗಲಿಯ ಮೇಲೆ ಕುಳಿತು ವಾಚಿಸುತ್ತಿದ್ದನು. ಅಕ್ಷರವರಿಯದ ನೂರು ಮಂದಿ ಸುತ್ತ ಕುಳಿತು ಕೇಳುತ್ತಿದ್ದರು. ನಮ್ಮ ವಿಮರ್ಶಕರು ಲಕ್ಷ್ಮೀಶನನ್ನು ಉಪಮಾಲೋಲನೆಂದು ಕರೆದಂತೆಯೇ ನಾದಲೋಲನೆಂದೂ ಕರೆದಿರುವುದಕ್ಕೆ ಈ ಕೇಳ್ಮೆಯ ಪರಂಪರೆಯೇ ಆಧಾರವೆಂದು ತೋರುತ್ತದೆ.

ಈಗ ಆ ಜಗಲಿಯ ಸ್ಥಾನದಲ್ಲಿ ಯಂತ್ರವು ಬಂದು ಕುಳಿತಿದೆ. ಕಡೂರಿನಲ್ಲಾಗಲಿ, ತರೀಕೆರೆಯಲ್ಲಾಗಲಿ, ಈಚೆಗೆ ತಾಲ್ಲೂಕಾದ ಅಜ್ಜಂಪುರದಲ್ಲಾಗಲಿ ಷಟ್ಪದಿಯ ವಾಚನವನ್ನು ಕಲಿಯಬಯಸುವ ಬಾಲಕನಿಗೆ ಮನೆಯ ಬಳಿ ಗುರುವು ದೊರೆಯದೆ ಹೋಗಬಹುದು. ಕೈಯಲ್ಲಿರುವ ಮೊಬೈಲಿನಲ್ಲಿ ಮಾತ್ರ ವಾಚನದ ಧ್ವನಿಮುದ್ರಿಕೆಗಳು ದೊರೆಯುತ್ತವೆ, ತಂಬೂರಿಯ ಶ್ರುತಿ ದೊರೆಯುತ್ತದೆ, ತಾಳವೂ ದೊರೆಯುತ್ತದೆ. ಇದನ್ನು ಕೆಲವರು ಅಭ್ಯುದಯವೆಂದು ಹೊಗಳುವರು. ಕೆಲವರು ಅವನತಿಯೆಂದು ಹಳಿಯುವರು. ಹೊಗಳುವವರೂ ಹಳಿಯುವವರೂ ಇದನ್ನು ಸಂಗೀತದ ಪ್ರಶ್ನೆಯೆಂದೇ ಎಣಿಸಿರುವುದು ನನಗೆ ಅಸಮರ್ಪಕವಾಗಿ ಕಾಣುತ್ತದೆ. ಕಾವ್ಯವಾಚನವು ರಾಗಗಳನ್ನು ಬಳಸುವುದಾದರೂ ಅದರ ಜೀವವು ರಾಗದಲ್ಲಿಲ್ಲ. ಪದವನ್ನು ಎಲ್ಲಿ ಬಿಡಿಸಬೇಕು, ಎಲ್ಲಿ ತಡೆಯಬೇಕು, ಯಾವ ಮಾತನ್ನು ಎತ್ತಬೇಕು, ರಸವು ತಿರುಗುವಲ್ಲಿ ರಾಗವನ್ನು ಹೇಗೆ ತಿರುಗಿಸಬೇಕು ಎಂಬ ವಿವೇಚನೆಯಲ್ಲಿದೆ. ಅಂದಮೇಲೆ ವಾಚನವೆಂಬುದು ಕೊರಳಿನಿಂದ ನಡೆಯುವ ಕಾವ್ಯವಿಮರ್ಶೆಯೇ ಸರಿ. ಯಂತ್ರವು ರಾಗವನ್ನು ಕಲಿಸೀತೇ ಎಂಬುದು ಸುಲಭವಾದ ಪ್ರಶ್ನೆ. ವಿವೇಚನೆಯನ್ನು ಕಲಿಸೀತೇ ಎಂಬುದೇ ಸಾಹಿತ್ಯದ ಅಧ್ಯಾಪಕರು ಕೇಳಿಕೊಳ್ಳಬೇಕಾದ ಪ್ರಶ್ನೆ. ಈ ಲೇಖನದಲ್ಲಿ ವಿಚಾರಮಾಡತಕ್ಕದ್ದು ಅಷ್ಟೆ.

೨

ಮೊದಲು ಛಂದಸ್ಸಿನ ಲೆಕ್ಕವನ್ನು ನೋಡೋಣ. ಜೈಮಿನಿ ಭಾರತವು ೩೪ ಸಂಧಿಗಳ, ಸುಮಾರು ೧೯೦೦ ಪದ್ಯಗಳ ಕಾವ್ಯ. ಉದ್ದಕ್ಕೂ ವಾರ್ಧಕ ಷಟ್ಪದಿ. ಇದರ ಒಂದು, ಎರಡು, ನಾಲ್ಕು, ಐದನೆಯ ಪಾದಗಳಲ್ಲಿ ಐದೈದು ಮಾತ್ರೆಯ ನಾಲ್ಕು ಗಣಗಳು, ಎಂದರೆ ೨೦ ಮಾತ್ರೆಗಳು. ಮೂರನೆಯ ಮತ್ತು ಆರನೆಯ ಪಾದಗಳಲ್ಲಿ ಅಂಥವೇ ಆರು ಗಣಗಳೂ ಮೇಲೊಂದು ಗುರುವೂ ಸೇರಿ ೩೨ ಮಾತ್ರೆಗಳು. ಆರು ಪಾದಗಳನ್ನು ಕೂಡಿಸಿದರೆ ಪದ್ಯವೊಂದಕ್ಕೆ ೧೪೪ ಮಾತ್ರೆಗಳಾಗುತ್ತವೆ. ಭಾಮಿನಿಯಲ್ಲಿ ಮೂರು ನಾಲ್ಕರ ಗಣಗಳು ಹೆಣೆದುಕೊಂಡು ಮೊತ್ತವು ೧೦೨ ಮಾತ್ರೆಗಳಷ್ಟೇ ಆಗುವುದರಿಂದ, ವಾರ್ಧಕದ ಉಸಿರು ಎಷ್ಟು ನೀಳವಾದುದೆಂಬುದನ್ನು ಊಹಿಸಬಹುದು.

ಈ ಲೆಕ್ಕವು ಪದ್ಯದ ಎಲುಬಿನ ಗೂಡೇ ಹೊರತು ಅದರ ನಡಿಗೆಯಲ್ಲ. ಗಣವು ಮುಗಿಯುವಲ್ಲಿ ಪದವು ಮುಗಿಯಬೇಕೆಂಬ ನಿಯಮವಿಲ್ಲ. ದೃಷ್ಟಾಂತಕ್ಕಾಗಿ ನಾನೇ ಕಟ್ಟಿದ ಒಂದು ಪಾದವನ್ನು ಕೊಡುತ್ತೇನೆ: 'ಕೆರೆಯ ನೀರೊಳು ತೇಲ್ವ ಹಂಸೆಗಳ ಸಾಲಿರಲು.' ಇದನ್ನು ಐದೈದು ಮಾತ್ರೆಗಳಿಗೆ ಕಡಿದರೆ 'ಕೆರೆಯ ನೀ | ರೊಳು ತೇಲ್ವ | ಹಂಸೆಗಳ | ಸಾಲಿರಲು' ಎಂದಾಗುತ್ತದೆ. ಗಣದ ಮೊದಲಿಗೆ ಪೆಟ್ಟು ಕೊಟ್ಟು ಹೇಳುವವನು 'ಕೆರೆಯ ನೀ' ಎಂದು ನಿಲ್ಲುವನು; ಕೇಳುವವನಿಗೆ ನೀರು ಹೋಗಿ 'ನೀನು' ಎಂಬ ಅರ್ಥದ 'ನೀ' ಬರುವುದು; 'ರೊಳು' ಎಂಬ ನಿರರ್ಥಕ ಶಬ್ದವು ಅನಾಥವಾಗುವುದು. ಬಲ್ಲ ವಾಚಕನು ಐದು ಮಾತ್ರೆಗಳ ಲಯವನ್ನು ಒಳಗೆ ಇಟ್ಟುಕೊಂಡು, ಹೊರಗೆ 'ಕೆರೆಯ ನೀರೊಳು' ಎಂದು ಒಂದಾಗಿ ನುಡಿಯುವನು. ಲಯವು ಕೆಡದು, ಅರ್ಥವೂ ಕೆಡದು. ಈ ಎರಡರ ನಡುವಣ ಸಂಧಾನವೇ ವಾಚಕನ ವಿದ್ಯೆ. ಗಮಕಿಯು ತಾಳವನ್ನು ಹೊರಗೆ ತಟ್ಟಿಕೊಂಡು ಹಾಡದಿರುವುದರ ರಹಸ್ಯವೂ ಇದೇ.

ಒಂದಕ್ಷರದ ಬೆಲೆ ಎಷ್ಟೆಂಬುದನ್ನು ಲಕ್ಷ್ಮೀಶನೇ ಕಥೆಯ ರೂಪದಲ್ಲಿ ತೋರಿಸಿರುವನು. ಮಂತ್ರಿ ದುಷ್ಟಬುದ್ಧಿಯು ಚಂದ್ರಹಾಸನ ಕೈಯಲ್ಲೇ ಅವನ ಮರಣಪತ್ರವನ್ನು ಕೊಟ್ಟು, ತನ್ನ ಮಗನಾದ ಮದನನ ಬಳಿಗೆ ಕಳುಹಿಸುವನು. ಉದ್ಯಾನದಲ್ಲಿ ಮಲಗಿದ್ದ ಚಂದ್ರಹಾಸನನ್ನು ಕಂಡ ಮಂತ್ರಿಪುತ್ರಿ ವಿಷಯೆಯು ಆ ಓಲೆಯನ್ನು ಓದಿ, 'ವಿಷವ' ಎಂಬಲ್ಲಿ ಕೊನೆಯ ಅಕ್ಷರವನ್ನು ತಿದ್ದಿ 'ವಿಷಯೆ' ಎಂದು ಮಾಡುವಳು. ಕೊಲೆಯ ಆಜ್ಞೆಯು ಮದುವೆಯ ಆಜ್ಞೆಯಾಗುವುದು. ಇಲ್ಲಿ ಛಂದಸ್ಸಿನ ದೃಷ್ಟಿಯಿಂದ ಗಮನಿಸಬೇಕಾದುದೊಂದುಂಟು. 'ವಿಷವ' ಎಂಬುದು ಮೂರು ಲಘು. 'ವಿಷಯೆ' ಎಂಬುದೂ ಮೂರು ಲಘುವೇ. ಮಾತ್ರೆಯನ್ನೆಣಿಸುವವನಿಗೆ ಎರಡೂ ಒಂದೇ. ರಾಗವನ್ನಷ್ಟೇ ಕೇಳುವವನಿಗೂ ಎರಡೂ ಒಂದೇ. ಅವುಗಳ ಅಂತರವನ್ನು ಕಾಣುವುದು ಅರ್ಥವನ್ನು ಬಲ್ಲ ಕಿವಿ ಮಾತ್ರ. ಯಂತ್ರಗಳನ್ನು ಪರೀಕ್ಷಿಸುವಾಗ ಈ ಓಲೆಯನ್ನೇ ಒರೆಗಲ್ಲಾಗಿ ಇಟ್ಟುಕೊಳ್ಳುವುದು ಯುಕ್ತವೆಂದು ನಾನು ಭಾವಿಸುತ್ತೇನೆ.

೩

ಯಂತ್ರವೆಂದೊಡನೆ ವಿದ್ಯುತ್ತನ್ನು ನೆನೆಯಬೇಕಾದುದಿಲ್ಲ. ಕಲ್ಲೂ ಉಳಿಯೂ ಒಂದು ಕಾಲದ ಉಪಕರಣಗಳೇ. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ, ಎರಡನೆಯ ವೀರಬಲ್ಲಾಳನ ಕಾಲದಲ್ಲಿ, ೧೧೯೬ರ ಸುಮಾರಿಗೆ ಕಟ್ಟಿದ ಅಮೃತೇಶ್ವರ ದೇವಾಲಯವಿದೆ. ಅಲ್ಲಿಯ ಶಾಸನವು ಜನ್ನಕವಿಯ ರಚನೆಯೆಂದು ಪ್ರಸಿದ್ಧವಾಗಿದೆ. ಎಂಟು ಶತಮಾನಗಳ ತರುವಾಯವೂ ಕವಿಯ ಮಾತು ಕಲ್ಲಿನ ಮೇಲೆ ನಿಂತಿದೆ. ಆದರೆ ಆ ಪದ್ಯಗಳನ್ನು ಜನ್ನನ ಕಾಲದವರು ಹೇಗೆ ಓದುತ್ತಿದ್ದರು, ಯಾವ ಧಾಟಿಯಲ್ಲಿ, ಎಷ್ಟು ನಿಧಾನವಾಗಿ, ಯಾವ ಮಾತಿಗೆ ಒತ್ತು ಕೊಟ್ಟು? ಕಲ್ಲು ಇದಾವುದನ್ನೂ ಹೇಳದು. ಧ್ವನಿಮುದ್ರಣವನ್ನು ಹಳಿಯುವವರು ಒಮ್ಮೆ ಆ ಶಾಸನದ ಮುಂದೆ ನಿಂತು ಯೋಚಿಸುವುದು ಒಳ್ಳೆಯದು. ಪಾಠವು ಉಳಿದು ವಾಚನವು ಅಳಿದುಹೋಗುವುದು ಎಷ್ಟು ದೊಡ್ಡ ನಷ್ಟವೆಂಬುದು ಆಗ ತಿಳಿಯುವುದು.

ಮುದ್ರಣವೂ ಯಂತ್ರವೇ. ೧೮೫೨ರಲ್ಲಿ ಡೇನಿಯಲ್ ಸ್ಯಾಂಡರ್ಸನ್ ಎಂಬ ಪಾದ್ರಿಯು ಬೆಂಗಳೂರಿನಲ್ಲಿ ಜೈಮಿನಿ ಭಾರತವನ್ನು ಇಂಗ್ಲಿಷ್ ಅನುವಾದದೊಡನೆ ಅಚ್ಚುಮಾಡಿಸಿದನು. ಅಚ್ಚಿನ ಪುಸ್ತಕವು ಕಾವ್ಯವನ್ನು ಸುಲಭವಾಗಿ ದೊರಕಿಸಿತು. ಅದರೊಡನೆ ಆರು ಪಾದಗಳನ್ನು ಆರು ಸಾಲುಗಳಾಗಿ ನಿಲ್ಲಿಸುವ ರೂಢಿಯೂ ಬೇರೂರಿತು. ಪಾದದ ತುದಿಯಲ್ಲಿ ಪದವು ಅರ್ಧಕ್ಕೆ ಮುರಿದು ಮುಂದಿನ ಸಾಲಿಗೆ ಹೋಗುವುದೂ ಸಾಮಾನ್ಯವಾಯಿತು. ಕಣ್ಣಿನಿಂದ ಓದುವ ವಿದ್ಯಾರ್ಥಿಯು ಸಾಲಿನ ತುದಿಯಲ್ಲಿ ನಿಲ್ಲುವ ಅಭ್ಯಾಸವನ್ನು ಕಲಿತದ್ದು ಮೊಬೈಲಿನಿಂದಲ್ಲ, ಅಚ್ಚಿನ ಪುಟದಿಂದ. ಪ್ರತಿಯೊಂದು ಉಪಕರಣವೂ ಒಂದನ್ನು ಕೊಟ್ಟು, ತಿಳಿಯದಂತೆ ಮತ್ತೊಂದನ್ನು ಕೊಂಡೊಯ್ಯುತ್ತದೆಂಬುದಕ್ಕೆ ಇದು ಹಳೆಯ ನಿದರ್ಶನ.

ಎಡಿಸನ್ನನು ಧ್ವನಿಲೇಖನ ಯಂತ್ರವನ್ನು ನಿರ್ಮಿಸಿದುದು ೧೮೭೭ರಲ್ಲಿ. ೧೯೦೨ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಮೊದಲಾದವರ ಗಾಯನವು ಗ್ರಾಮಫೋನಿನ ತಟ್ಟೆಗೆ ಇಳಿಯಿತು. ನಿಮಿಷಕ್ಕೆ ೭೮ ಸುತ್ತು ತಿರುಗುವ ಹತ್ತು ಅಂಗುಲದ ತಟ್ಟೆಯ ಒಂದು ಮುಖದಲ್ಲಿ ಮೂರು ನಿಮಿಷಕ್ಕಿಂತ ತುಸು ಹೆಚ್ಚು ಕಾಲದ ಸಂಗೀತ ಮಾತ್ರ ಹಿಡಿಸುತ್ತಿತ್ತು. ಈ ಅಳತೆಯನ್ನು ವಾರ್ಧಕದ ಅಳತೆಗೆ ಹೊಂದಿಸಿ ನೋಡೋಣ. ಸೆಕೆಂಡಿಗೆ ಮೂರು ಮಾತ್ರೆಯಂತೆ ಸರಳವಾಗಿ ವಾಚಿಸಿದರೂ ಪದ್ಯಕ್ಕೆ ೪೮ ಸೆಕೆಂಡುಗಳು ಬೇಕು. ಮೂರು ಪದ್ಯಗಳಿಗೆ ತಟ್ಟೆಯು ಬಹುಮಟ್ಟಿಗೆ ತುಂಬುವುದು. ರಾಗವನ್ನು ವಿಸ್ತರಿಸಿದರೆ ಒಂದೋ ಎರಡೋ ಪದ್ಯ. ಸೀತಾಪರಿತ್ಯಾಗದ ಕರುಣವಾಗಲಿ ಸುಧನ್ವನ ವೀರವಾಗಲಿ ಪದ್ಯದಿಂದ ಪದ್ಯಕ್ಕೆ ಕೂಡಿಕೊಳ್ಳುತ್ತ ಬೆಳೆಯತಕ್ಕದ್ದು. ಬಿಡಿಪದ್ಯವನ್ನು ಬಿಡಿಹಾಡಾಗಿ ಕೇಳುವ ಅಭಿರುಚಿಗೆ ತಟ್ಟೆಯ ಈ ಅಳತೆಯೇ ದಾರಿಮಾಡಿತೆಂದು ಹೇಳಿದರೆ ತಪ್ಪಾಗದು. ಮತ್ತೊಂದು ದೋಷವೂ ಇತ್ತು: ತಟ್ಟೆಯ ವೇಗವು ನೂರಕ್ಕೆ ಆರರಷ್ಟು ಹೆಚ್ಚಿದರೆ ಶ್ರುತಿಯು ಅರ್ಧಸ್ವರದಷ್ಟು ಏರುತ್ತಿತ್ತು. ಕಲಿಯುವವನು ನಿಧಾನವಾಗಿ ಕೇಳಬೇಕೆಂದರೆ ಶ್ರುತಿಯನ್ನೂ ಇಳಿಸಿಕೊಳ್ಳಬೇಕಾಗುತ್ತಿತ್ತು. ಈಗಿನ ಉಪಕರಣಗಳು ಶ್ರುತಿಯನ್ನು ಕದಲಿಸದೆ ಗತಿಯನ್ನು ಮಾತ್ರ ಇಳಿಸಬಲ್ಲವು. ಇದು ನಿಜವಾದ ಲಾಭ.

೧೯೩೫ರಲ್ಲಿ ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಬಾನುಲಿ ಪ್ರಸಾರವನ್ನು ಪ್ರಾರಂಭಿಸಿದರು. ೧೯೬೫ರಲ್ಲಿ ತರೀಕೆರೆಗೆ ನೆರೆಯಾದ ಭದ್ರಾವತಿಯಲ್ಲಿ ಆಕಾಶವಾಣಿ ಕೇಂದ್ರವು ಸ್ಥಾಪಿತವಾಯಿತು. ಬಾನುಲಿಯಲ್ಲಿ ವಾಚನದೊಡನೆ ವ್ಯಾಖ್ಯಾನವೂ ಇರುತ್ತಿದ್ದುದನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಒಬ್ಬರು ಪದ್ಯವನ್ನು ವಾಚಿಸುವರು. ಮತ್ತೊಬ್ಬರು ಅದನ್ನು ಬಿಡಿಸಿ ಅರ್ಥ ಹೇಳುವರು. ನಮ್ಮ ಹಿರಿಯರು ಈ ಕಲೆಯನ್ನು ಇಬ್ಬರ ಕೂಟವಾಗಿ ಏರ್ಪಡಿಸಿದುದು ಅರ್ಥಗರ್ಭಿತವಾದುದು. ವಾಚಕನು ಕೊರಳಿನಿಂದ ಕೊಟ್ಟ ತೀರ್ಪಿಗೆ ವ್ಯಾಖ್ಯಾನಕಾರನು ಕಾರಣವನ್ನು ಕೊಡುವನು. ಮುಂದೆ ಬಂದ ಕ್ಯಾಸೆಟ್ಟು, ತಟ್ಟೆ, ಮೊಬೈಲುಗಳಲ್ಲಿ ಕೇಳುಗನ ಅವಸರಕ್ಕೆ ತಕ್ಕಂತೆ ವ್ಯಾಖ್ಯಾನವನ್ನು ಕತ್ತರಿಸಿ ವಾಚನವನ್ನು ಮಾತ್ರ ಉಳಿಸಿಕೊಳ್ಳುವುದು ಸುಲಭವಾಯಿತು. ತೀರ್ಪು ಉಳಿಯಿತು, ಕಾರಣವು ಹೋಯಿತು.

ಇನ್ನು ಶ್ರುತಿಯ ಮಾತು. ಬೆಂಗಳೂರಿನ ಕೊಳಲು ವಿದ್ವಾಂಸರೂ ಎಂಜಿನಿಯರೂ ಆದ ಜಿ. ರಾಜನಾರಾಯಣರು ೧೯೭೯ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದರು. ತಂಬೂರಿ ಮೀಟುವ ಶಿಷ್ಯನಿಲ್ಲದ ಮನೆಯಲ್ಲಿಯೂ ಅಭ್ಯಾಸವು ಸಾಧ್ಯವಾಯಿತು. ಕೀಲಿಮಣೆಯ ವಾದ್ಯಗಳಿಗಿಂತ ಇದು ವಾಚಕನಿಗೆ ಹೆಚ್ಚು ಹಿತಕರ. ಹಾರ್ಮೋನಿಯಮ್ಮಿನ ಸಮಪಾಲಿನ ಸ್ವರಗಳಲ್ಲಿ, ಸ್ಥಾಯಿಯನ್ನು ೧೨೦೦ ಸೆಂಟುಗಳೆಂದು ಭಾಗಿಸಿದರೆ, ಅಂತರ ಗಾಂಧಾರವು ೪೦೦ರಲ್ಲಿ ನಿಲ್ಲುತ್ತದೆ; ತಂಬೂರಿಯ ತಂತಿಯಿಂದ ತಾನಾಗಿ ಹೊಮ್ಮುವ ಗಾಂಧಾರವು ಸುಮಾರು ೩೮೬ರಲ್ಲಿದೆ. ಅಖಿಲ ಭಾರತ ಬಾನುಲಿಯು ೧೯೪೦ರಲ್ಲಿ ಹಾರ್ಮೋನಿಯಮ್ಮನ್ನು ಹೊರಗಿಟ್ಟು ದಶಕಗಳ ಕಾಲ ಆ ನಿಷೇಧವನ್ನು ಪಾಲಿಸಿದುದರ ಹಿಂದೆ ಈ ವಿವಾದವೂ ಇತ್ತು. ಶ್ರುತಿಯಂತ್ರವು ಅರ್ಥದ ವಿಷಯದಲ್ಲಿ ಕೈಹಾಕದು. ವಾಚಕನ ವಿವೇಚನೆಗೆ ನೆಲವನ್ನು ಹಾಸಿ ಸುಮ್ಮನಿರುವುದು. ಆದಕಾರಣ ಇದಕ್ಕೆ ನನ್ನ ಆಕ್ಷೇಪವಿಲ್ಲ.

ತಾಳಯಂತ್ರದ ಮಾತು ಬೇರೆ. ಐದು ಮಾತ್ರೆಗಳ ಗಣವನ್ನು ಕಂಡೊಡನೆ ಖಂಡಗತಿಯ ತಾಳವನ್ನು ಹಾಕಿಕೊಂಡು ಅಭ್ಯಾಸಮಾಡುವುದು ಎಳೆಯರಿಗೆ ಸಹಜವೆನಿಸುವುದು. ಯಂತ್ರವು ಪ್ರತಿ ಐದನೆಯ ಮಾತ್ರೆಯ ಬಳಿಕ ತಪ್ಪದೆ ತಟ್ಟುವುದು. ಬಾಲಕನು ತಪ್ಪದೆ 'ಕೆರೆಯ ನೀ' ಎಂದು ಕಡಿಯುವನು. ಇಲ್ಲಿ ಯಂತ್ರವು ತಪ್ಪುಮಾಡಿತೆನ್ನಲಾಗದು. ಅದರ ಲೆಕ್ಕವು ಸರಿಯಾಗಿಯೇ ಇದೆ. 'ವಿಷವ'ವೂ 'ವಿಷಯೆ'ಯೂ ಅದಕ್ಕೆ ಮೂರು ಮೂರು ಮಾತ್ರೆಗಳೇ. ಛಂದಸ್ಸನ್ನು ಕಲಿಯುವ ಮೊದಲ ಕೆಲವು ದಿನಗಳಲ್ಲಿ ಗಣವನ್ನು ಕಿವಿಗೆ ಹತ್ತಿಸಲು ತಾಳವನ್ನು ಬಳಸಬಹುದು. ಪದ್ಯವನ್ನು ಕೈಗೆತ್ತಿಕೊಂಡ ಮೇಲೆ ಅದನ್ನು ನಿಲ್ಲಿಸಬೇಕು.

೨೦೨೦ರಲ್ಲಿ ಕೋವಿಡ್ ವ್ಯಾಧಿಯ ನಿಮಿತ್ತ ಶಾಲೆಗಳು ಮುಚ್ಚಿದಾಗ ಸಂಗೀತಪಾಠವು ವೀಡಿಯೊ ಕರೆಗೆ ಬಂತು. ಆಗ ಎರಡು ಸಂಗತಿಗಳು ಅನುಭವಕ್ಕೆ ಬಂದುವು. ಸೆಕೆಂಡಿನ ಸಾವಿರದಲ್ಲಿ ಮೂವತ್ತು ಪಾಲಿನಷ್ಟು ತಡವಾದರೂ ಇಬ್ಬರು ಒಡನೊಡನೆ ಹಾಡುವುದು ಕಷ್ಟವಾಗುವುದು. ದೂರದ ಕರೆಯಲ್ಲಿ ತಡವು ಸಾಮಾನ್ಯವಾಗಿ ಅದಕ್ಕೂ ಮೀರುವುದು. ಆದುದರಿಂದ ಗುರುವಿನ ದನಿಯೊಳಗೆ ದನಿಯನ್ನಿಟ್ಟು ಕಲಿಯುವುದು ನಿಂತು, ಗುರು ಹೇಳಿದ ಮೇಲೆ ಶಿಷ್ಯ ಹೇಳುವ ಕ್ರಮವೊಂದೇ ಉಳಿಯಿತು. ಎರಡನೆಯದು ಇನ್ನೂ ವಿಚಿತ್ರವಾದುದು. ಮಾತುಕತೆಗಾಗಿ ಮಾಡಿದ ಈ ಕರೆಯ ವ್ಯವಸ್ಥೆಯು ಎಡೆಬಿಡದೆ ಒಂದೇ ಸಮನಾಗಿ ಕೇಳಿಬರುವ ನಾದವನ್ನು ಬೀಸಣಿಗೆಯ ಸದ್ದೆಂದು ಎಣಿಸಿ ಅಡಗಿಸಿಬಿಡುವುದು. ಆ ಏರ್ಪಾಟನ್ನು ಬೇಕೆಂದೇ ತೆಗೆಯದಿದ್ದರೆ ತಂಬೂರಿಯ ಶ್ರುತಿಯು ಶಿಷ್ಯನನ್ನು ಮುಟ್ಟುವುದೇ ಇಲ್ಲ. ಸಂಗೀತಕ್ಕೆ ಆಧಾರವಾದುದನ್ನೇ ಗದ್ದಲವೆಂದು ತಿಳಿಯುವ ಯಂತ್ರವನ್ನು ಕೆಟ್ಟದ್ದೆಂದು ಜರೆಯಬೇಕಾದುದಿಲ್ಲ. ಅದನ್ನು ಬೇರೆ ಕೆಲಸಕ್ಕಾಗಿ ಮಾಡಿದ್ದಾರೆಂದು ತಿಳಿದು ಬಳಸಬೇಕು.

೪

ಇಲ್ಲಿಯವರೆಗೆ ಹೇಳಿದ್ದಕ್ಕೆ ಒಂದು ಬಲವಾದ ಆಕ್ಷೇಪವುಂಟು. ಗುರುಮುಖದ ಪಾಠವು ಯಾವಾಗಲೂ ವಿವೇಚನೆಯನ್ನೇ ಕಲಿಸುತ್ತಿತ್ತೇ? ಗುರುವಿನ ಧಾಟಿಯನ್ನು ಗಿಳಿಪಾಠವಾಗಿ ಒಪ್ಪಿಸುವ ಶಿಷ್ಯರು ಹಿಂದೆಯೂ ಇದ್ದರಲ್ಲವೇ? ಗುರುವೇ ತಪ್ಪಾಗಿ ಬಿಡಿಸಿದ ಪದವು ಮೂರು ತಲೆಮಾರು ಹಾಗೆಯೇ ನಡೆದುಬರಲಿಲ್ಲವೇ? ಅಲ್ಲದೆ, ಗುರುವಿನ ಮನೆಯ ಬಾಗಿಲು ಎಲ್ಲ ಜಾತಿಯವರಿಗೂ, ಎಲ್ಲ ಹೆಣ್ಣುಮಕ್ಕಳಿಗೂ ತೆರೆದಿತ್ತೇ?

ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಮೊಬೈಲು ಯಾರ ಕುಲವನ್ನೂ ಕೇಳುವುದಿಲ್ಲ. ತೋಟದ ಮನೆಯ ಹುಡುಗಿಯೊಬ್ಬಳು ರಾತ್ರಿ ಕೆಲಸ ಮುಗಿಸಿ ಒಂದೇ ಪದ್ಯವನ್ನು ಇಪ್ಪತ್ತು ಸಲ ಕೇಳಬಹುದು. ಇಪ್ಪತ್ತನೆಯ ಸಲವೂ ಅದು ಬೇಸರಿಸದು. ಈ ಉಪಕಾರವನ್ನು ಅಲ್ಲಗಳೆಯುವವರು ಹಳೆಯ ಕಾಲದ ಕಷ್ಟವನ್ನು ಅರಿಯದವರು. ಆದರೆ ಗುರುವಿಗೂ ಧ್ವನಿಮುದ್ರಿಕೆಗೂ ಒಂದು ಭೇದವು ಉಳಿದೇ ಇದೆ. ಗಿಳಿಪಾಠದ ಗುರುವನ್ನಾದರೂ 'ಇಲ್ಲಿ ಏಕೆ ನಿಂತಿರಿ?' ಎಂದು ಕೇಳಬಹುದಾಗಿತ್ತು. ಕೇಳಿದರೆ ಅವನು ಗದರಬಹುದು, ಉತ್ತರಿಸಬಹುದು, ಅಪೂರ್ವವಾಗಿ ತನ್ನ ತಪ್ಪನ್ನು ತಿದ್ದಿಕೊಳ್ಳಲೂಬಹುದು. ಧ್ವನಿಮುದ್ರಿಕೆಯು ಎಂದೆಂದಿಗೂ ಒಂದೇ ಉತ್ತರವನ್ನು ಕೊಡುವುದು. ಆ ಉತ್ತರವು ಮತ್ತೆ ಅದೇ ಪದ್ಯ. ಗುರುವಿನ ವಾಚನವು ಇಂದು ಒಂದು ರೀತಿ, ನಾಳೆ ಒಂದು ರೀತಿ ಆಗುತ್ತಿದ್ದುದರಿಂದ ಶಿಷ್ಯನಿಗೆ ಪದ್ಯವು ಒಂದೇ ರಾಗಕ್ಕೆ ಕಟ್ಟುಬಿದ್ದುದಲ್ಲವೆಂಬ ಅರಿವು ಬೋಧಿಸದೆಯೇ ಬರುತ್ತಿತ್ತು.

ಒಂದೇ ಪಾಠವು ಬಲಿತು ನಿಲ್ಲುವುದರ ಪರಿಣಾಮವನ್ನು ಇದೇ ಸೀಮೆಯ ಒಂದು ಜನಪದ ಗೀತದಿಂದ ತಿಳಿಯಬಹುದು. ಕಡೂರು ತಾಲ್ಲೂಕಿನ ಮದಗದ ಕೆರೆಯ ಹೆಸರಿಗೆ ಹೊಂದಿಕೊಂಡ, ಮಳೆಯಿಂದ ಕೆರೆ ತುಂಬಿದುದನ್ನು ಹೇಳುವ ಹಾಡು ಕನ್ನಡಿಗರೆಲ್ಲರಿಗೂ ಪರಿಚಿತ. ಹಾವೇರಿ ಜಿಲ್ಲೆಯ ಮದಗ ಮಾಸೂರಿನ ಕೆರೆಯ ಕಡೆಯವರೂ ಇದನ್ನು ತಮ್ಮದೆನ್ನುವರು. ಎರಡು ಕೆರೆಗಳಿಗೆ ಒಂದು ಹಾಡು ಸಲ್ಲುವುದೇ ಜನಪದದ ಸ್ವಭಾವ; ಹಾಡುವವರ ಬಾಯಲ್ಲಿ ನುಡಿಯೂ ಧಾಟಿಯೂ ಊರಿಂದೂರಿಗೆ ಬದಲಾಗುವುವು. ಧ್ವನಿಸುರುಳಿಗಳ ಮೂಲಕ ನಾಡಿನ ಮೂಲೆಮೂಲೆಗೆ ಹರಡಿದ ಧಾಟಿಯನ್ನು ಕಲಿತ ಶಾಲೆಯ ಮಕ್ಕಳು ಇಂದು ಅದೇ 'ಸರಿಯಾದ' ಧಾಟಿಯೆಂದು ತಿಳಿದಿರುವರು. ಕೆರೆಯ ದಂಡೆಯ ಮುದುಕಿಯು ತನ್ನ ರೀತಿಯಲ್ಲಿ ಹಾಡಿದರೆ, ತಪ್ಪಿದಳೆಂದು ಅವರೇ ನಗುವ ಸಂಭವವಿದೆ. ಹಾಡು ಉಳಿಯಿತು, ಪಾಠಾಂತರಗಳು ಸೋತುವು. ಗ್ರಂಥಸಂಪಾದನೆಯಲ್ಲಿ ಒಂದೇ ಓಲೆಯ ಪ್ರತಿಯನ್ನು ನಂಬುವ ಸಂಪಾದಕನನ್ನು ನಾವು ಎಚ್ಚರಿಸುತ್ತೇವೆ. ಒಂದೇ ಧ್ವನಿಮುದ್ರಿಕೆಯನ್ನು ನಂಬುವ ಅಧ್ಯಾಪಕನನ್ನು ಎಚ್ಚರಿಸದಿರುವುದು ಏಕೆ?

೫

ಗ್ರಂಥಸಂಪಾದನೆಯ ಹೋಲಿಕೆಯೇ ನಮಗೆ ದಾರಿಯನ್ನು ತೋರಿಸುತ್ತದೆ. ಧ್ವನಿಮುದ್ರಿಕೆಯನ್ನು ಗುರುವಿನ ಪೀಠದಲ್ಲಿ ಕೂರಿಸದೆ, ಸಾಕ್ಷಿಯ ಸ್ಥಾನದಲ್ಲಿ ನಿಲ್ಲಿಸಬೇಕು. ಸಾಕ್ಷಿಯನ್ನು ಆದರಿಸುವೆವು, ಪಾಟೀಸವಾಲನ್ನೂ ಮಾಡುವೆವು. ಇದಕ್ಕಾಗಿ ನಾಲ್ಕು ಸೂಚನೆಗಳನ್ನು ವಿದ್ವಾಂಸರ ಮುಂದಿಡುತ್ತೇನೆ.

ಮೊದಲನೆಯದು: ಯಾವ ಪದ್ಯವನ್ನೂ ಒಂದೇ ವಾಚನದಿಂದ ಕಲಿಸಬಾರದು. ಇಬ್ಬರು ವಾಚಕರ, ಸಾಧ್ಯವಾದರೆ ಎರಡು ಸಂಪ್ರದಾಯಗಳ ಮುದ್ರಿಕೆಗಳನ್ನು ಒಟ್ಟಿಗೆ ಕೇಳಿಸಬೇಕು. ತರೀಕೆರೆಯಿಂದ ಬಹುದೂರವಲ್ಲದ ಶಿವಮೊಗ್ಗದ ನೆರೆಯ ಹೊಸಹಳ್ಳಿಯು ಗಮಕಕ್ಕೆ ಹೆಸರಾದ ಗ್ರಾಮ, ಅಲ್ಲಿಯ ಎಚ್. ಆರ್. ಕೇಶವಮೂರ್ತಿಗಳಿಗೆ ೨೦೨೨ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಸಂದಿತು. ಅದೇ ವರ್ಷ ಅವರು ತೀರಿಕೊಂಡರು. ಅಂಥವರ ವಾಚನವನ್ನೂ ಮೈಸೂರು ಬೆಂಗಳೂರುಗಳ ಕಡೆಯ ವಾಚನವನ್ನೂ ಅಕ್ಕಪಕ್ಕದಲ್ಲಿಟ್ಟು, ಇವರು ಇಲ್ಲಿ ನಿಂತರು, ಅವರು ಅಲ್ಲಿ ನಿಂತರು, ಯಾವುದರಿಂದ ಅರ್ಥವು ಹೆಚ್ಚು ಬೆಳಗಿತು ಎಂದು ವಿದ್ಯಾರ್ಥಿಗಳನ್ನು ಕೇಳಬೇಕು. ಗುರುಪರಂಪರೆಯಲ್ಲಿ ಒಬ್ಬನಿಗೆ ಇಬ್ಬರು ಗುರುಗಳು ದೊರೆಯುವುದು ದುರ್ಲಭವಾಗಿತ್ತು. ಯಂತ್ರವು ಹತ್ತು ಮಂದಿಯನ್ನು ಒಂದೇ ಮನೆಗೆ ಕರೆತರಬಲ್ಲುದು. ವಿವೇಚನೆಯನ್ನು ತಾನು ಕಲಿಸಲಾರದ ಯಂತ್ರವು ವಿವೇಚನೆಗೆ ಬೇಕಾದ ಸಾಮಗ್ರಿಯನ್ನು ಹಿಂದೆಂದೂ ಇಲ್ಲದಷ್ಟು ಒದಗಿಸಬಲ್ಲುದೆಂಬುದೇ ಅದರ ಪರವಾಗಿ ಹೇಳಬಹುದಾದ ದೊಡ್ಡ ಮಾತು.

ಎರಡನೆಯದು: ಮುದ್ರಿಕೆಯನ್ನು ಕೇಳುವುದಕ್ಕೆ ಮುಂಚೆ ಪದಚ್ಛೇದವಾಗಬೇಕು. ವಿದ್ಯಾರ್ಥಿಯು ಪದ್ಯವನ್ನು ಅಚ್ಚಿನ ಪುಟದಿಂದ ಬರೆದುಕೊಂಡು, ಸಂಧಿಗಳನ್ನು ಬಿಡಿಸಿ, ಅನ್ವಯಮಾಡಿ, ತಾನು ಎಲ್ಲಿ ನಿಲ್ಲುವೆನೆಂದು ಗುರುತುಹಾಕಿಕೊಳ್ಳಲಿ. ಆಮೇಲೆ ಕೇಳಲಿ. ಮೊದಲೇ ಕೇಳಿದ ಕಿವಿಗೆ ಮತ್ತೊಂದು ದಾರಿ ಹೊಳೆಯುವುದು ಕಷ್ಟ.

ಮೂರನೆಯದು: ವಿದ್ಯಾರ್ಥಿಯು ತನ್ನ ವಾಚನವನ್ನೇ ಮುದ್ರಿಸಿಕೊಂಡು ಕೇಳಬೇಕು. ಇದು ಹಳೆಯ ಕಾಲದ ಯಾವ ಶಿಷ್ಯನಿಗೂ ದೊರೆಯದಿದ್ದ ಭಾಗ್ಯ. ಹೇಳುವಾಗ ನಮಗೆ ನಮ್ಮ ಅಭಿಪ್ರಾಯವು ಕೇಳಿಸುವುದು. ಮುದ್ರಿಕೆಯಲ್ಲಿ ನಮ್ಮ ದನಿಯು ಕೇಳಿಸುವುದು. 'ನೀರೊಳು' ಎಂದು ಮನಸ್ಸಿನಲ್ಲಿಟ್ಟುಕೊಂಡು 'ನೀ' ಎಂದು ಕಡಿದವನಿಗೆ ತನ್ನ ತಪ್ಪು ತಿಳಿಯುವುದು ಆಗಲೇ. ಸ್ವರದ ಏರಿಳಿತವನ್ನು ಗೆರೆಯಾಗಿ ತೋರಿಸುವ ಉಪಕರಣಗಳೂ ಈಗ ಇರುವುವು. ಕಂಪಿತವೂ ಜಾರುವೂ ಕಣ್ಣಿಗೆ ಕಾಣುವುವು. ಅವನ್ನು ಉಚ್ಚಾರಣೆಯ ಪರೀಕ್ಷೆಗೆ ಬಳಸಲಿ; ಅಂಕ ಕೊಡುವುದಕ್ಕೆ ಬಳಸದಿರಲಿ.

ನಾಲ್ಕನೆಯದು: ಸಂಗ್ರಹಮಾಡುವವರು ಪ್ರತಿಯೊಂದು ಮುದ್ರಿಕೆಯೊಡನೆ ವಾಚಕರ ಹೆಸರು, ಊರು, ವರ್ಷ, ಬಳಸಿದ ಮುದ್ರಿತ ಪ್ರತಿ, ರಾಗಗಳ ಹೆಸರು, ಇವುಗಳನ್ನು ಬರೆದಿಡಬೇಕು, ವ್ಯಾಖ್ಯಾನವನ್ನು ಕತ್ತರಿಸದೆ ಉಳಿಸಬೇಕು. ಹಸ್ತಪ್ರತಿಗೆ ಗ್ರಂಥಾಂತ್ಯದ ಬರಹವು ಹೇಗೋ ಧ್ವನಿಮುದ್ರಿಕೆಗೆ ಈ ವಿವರವು ಹಾಗೆ. ಕಡೂರು, ತರೀಕೆರೆ, ಅಜ್ಜಂಪುರಗಳ ಹಳ್ಳಿಗಳಲ್ಲಿ ಜೈಮಿನಿಯನ್ನು ಹಳೆಯ ಧಾಟಿಯಲ್ಲಿ ಓದಬಲ್ಲ ಹಿರಿಯರು ಇನ್ನೂ ಉಳಿದಿದ್ದರೆ, ಅವರ ಬಳಿಗೆ ಮೊದಲು ಹೋಗತಕ್ಕದ್ದು ಆಯಾ ಊರಿನ ಕನ್ನಡ ಅಧ್ಯಾಪಕರ ಧರ್ಮ. ಬೀರೂರು ಜಂಕ್ಷನ್ನಿನಿಂದ ಒಂದು ರೈಲು ಅಜ್ಜಂಪುರದ ಕಡೆಗೂ ಮತ್ತೊಂದು ತರೀಕೆರೆಯ ಕಡೆಗೂ ಹೋಗುವುದು. ಇದು ದೇಶಾಂತರದ ಶೋಧನೆಯಲ್ಲ, ರಜೆಯ ದಿನದ ಕೆಲಸ. ವಿಳಂಬಕ್ಕೆ ಮಾತ್ರ ಎಡೆಯಿಲ್ಲ. ಜನ್ನನ ಕಾಲದ ಓದು ಹೋದ ದಾರಿಯಲ್ಲೇ ಇದೂ ಹೋದರೆ, ಕೈಯಲ್ಲಿ ಯಂತ್ರವಿದ್ದೂ ಕಳೆದುಕೊಂಡೆವೆಂಬ ಅಪಕೀರ್ತಿಯು ನಮಗೆ ಅಧಿಕವಾಗಿ ಬರುವುದು.

ಕೊನೆಗೆ ಮತ್ತೆ ಆ ಓಲೆಯ ಮಾತು. ದುಷ್ಟಬುದ್ಧಿಯು ಬರೆದ ಓಲೆಯನ್ನು ಚಂದ್ರಹಾಸನು ನಂಬಿಕೆಯಿಂದ ಹೊತ್ತುತಂದನು. ಅದರಲ್ಲಿ ಏನಿದೆಯೆಂದು ಅವನು ನೋಡಲಿಲ್ಲ. ಒಳ್ಳೆಯ ಧ್ವನಿಮುದ್ರಿಕೆಯೂ ಹಾಗೆಯೇ, ಕೊಟ್ಟುದನ್ನು ಕೆಡದಂತೆ ತಂದು ಒಪ್ಪಿಸುವುದು. ವಿಷಯೆಯಾದರೋ ಓಲೆಯನ್ನು ಬಿಡಿಸಿ ಓದಿದಳು, ಅಕ್ಷರವನ್ನು ತೂಗಿದಳು, ಬರೆದವನ ಕೈ ತಪ್ಪಿತೆಂದು ನಿಶ್ಚಯಿಸಿದಳು, ತಿದ್ದಿದಳು. ಅವಳು ಊಹಿಸಿದ ಕಾರಣವು ನಿಜವಾಗಿರಲಿಲ್ಲವೆಂಬುದು ಕವಿಯ ವಿನೋದ. ಆದರೂ ಓದಿದವಳು ಅವಳೊಬ್ಬಳೇ. ನಾವು ನಮ್ಮ ಮಕ್ಕಳನ್ನು ಓಲೆ ಹೊರುವವರನ್ನಾಗಿ ಮಾಡುವೆವೋ ಓಲೆ ಓದುವವರನ್ನಾಗಿ ಮಾಡುವೆವೋ ಎಂಬುದನ್ನು ಯಾವ ಯಂತ್ರವೂ ನಿರ್ಣಯಿಸದು. ಅದು 'ಏಕೆ ಇಲ್ಲಿ ನಿಂತಿರಿ?' ಎಂಬ ಪ್ರಶ್ನೆಗೆ ತರಗತಿಯಲ್ಲಿ ಎಡೆಯುಂಟೋ ಇಲ್ಲವೋ ಎಂಬುದನ್ನು ಅವಲಂಬಿಸಿದೆ. ಈ ವಿಚಾರವನ್ನು ಅಧ್ಯಾಪಕವರ್ಗದವರು ತಮ್ಮ ತಮ್ಮ ಶಾಲೆಗಳಲ್ಲಿ ಪ್ರಯೋಗಿಸಿ, ದೋಷವಿದ್ದರೆ ತಿದ್ದಿ ತಿಳಿಸಬೇಕೆಂದು ಪ್ರಾರ್ಥಿಸುತ್ತೇನೆ.